ಕಂಬಳಿ ಮನೆಯ ಉಬ್ಬಸ

ಯುದ್ಧದ ಕಾಲ ಅದು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಉಡಲು ಬಟ್ಟೆ ಇಲ್ಲ. ಕಂಬಳಿ ನೇಯುವವರಿಗೆ ಮಾತ್ರ ಕೈಗೆ ಬಿಡುವಿಲ್ಲದಷ್ಟು ಕೆಲಸ. ದಂಡಿನವರಿಗೆ ಎಷ್ಟು ಕಳಿಸಿದರೂ ಇನ್ನೂ ಬೇಕು, ಇನ್ನೂ ಬೇಕು. ನಾನು ಹೊನ್ನಾಳಿಯ ನೇಯ್ಗೆ ಮೇಷ್ಟ್ರು. ಕಂಬಳಿ ಒದಗಿಸಲು ಒಪ್ಪಿಕೊಂಡಿದ್ದ ನ್ಯಾಮತಿಯ ಸಾಹುಕಾರರೊಬ್ಬರು ನನ್ನನ್ನು ಬಿಳಿಚೋಡಿನಿಂದಾಚೆಗಿನ ಒಂದು ಊರಿಗೆ ಕಳಿಸಿದರು. ಜಗಳೂರು ಸೀಮೆಯ ಆ ಊರಲ್ಲಿ ಮನೆಮನೆಗೂ ಕುಣಿಮಗ್ಗ. ಒಂದು ಮನೆಯ ಕಂಬಳಿ ಅಗಲ, ಇನ್ನೊಂದು ಮನೆಯದು ಗಿಡ್ಡ. ಅವನ್ನೆಲ್ಲ ಒಂದೇ ಅಳತೆಗೆ ತರುವುದು, ಅಂಚು ಸೊಟ್ಟಗಾಗದಂತೆ ಮಗ್ಗ ತಿದ್ದಿ ಕೊಡುವುದು ನನ್ನ ಕೆಲಸ. ಮಗ್ಗ ತಿದ್ದಲು ಹೋದವನು ನಾನು. ಊರವರ ಸಂಸಾರದೊಳಗೆ ತಲೆ ಹಾಕುವ ಉಸಾಬರಿ ನನಗೆ ಬೇಕಾಗಿರಲಿಲ್ಲ. ನನ್ನ ಸಿಟ್ಟು ನನಗೇ ಗೊತ್ತಿದ್ದದ್ದರಿಂದ ಆದಷ್ಟೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

ಆ ಊರಿನ ಮೊದಲನೇ ನಂಬರಿನ ನೇಕಾರ ನಲವತ್ತರ ಆಸುಪಾಸಿನ ಆಳು. ಎತ್ತರ, ಅಗಲವಾದ ಎದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಅವನ ಕೈಯಿಂದ ಕೈಗೆ ಹೋಗುವುದೇ ಕಾಣುತ್ತಿರಲಿಲ್ಲ. ಅವನ ಮಗ್ಗದ ಪಕ್ಕ ಕೂತು ನಾನು ಅಳತೆಕೋಲು ಹಿಡಿದಿದ್ದೆ. ಲಾಳಿ ನಿಂತಿತು. ಏನಪ್ಪಾ ಅಂತ ತಲೆ ಎತ್ತಿದರೆ ಅವನು ಎರಡೂ ಕೈಯನ್ನು ಕುಣಿಯ ಅಂಚಿಗೆ ಊರಿ, ಭುಜ ಕಿವಿಯವರೆಗೂ ಏರಿಸಿ, ಬಾಯಿ ತೆರೆದು ಕೂತಿದ್ದಾನೆ. ಉಸಿರು ಒಳಗೆ ಹೋಗುವುದು ಗೊತ್ತೇ ಆಗಲಿಲ್ಲ. ಹೊರಗೆ ಬರುವಾಗ ಸಿಳ್ಳು ಹಾಕಿದ ಸದ್ದು. ಕುತ್ತಿಗೆಯ ನರ ಉಬ್ಬಿದವು, ತುಟಿ ನೀಲಿಗೆ ತಿರುಗಿತು. ಅಯ್ಯಯ್ಯೋ! ಇಷ್ಟು ದೊಡ್ಡ ಆಳು ನನ್ನ ಕಣ್ಣೆದುರಿಗೇ ಹೋಗಿಬಿಟ್ಟನಲ್ಲಾ ಅಂತ ಅಳತೆಕೋಲು ಬಿಸಾಕಿ ಎದ್ದೆ.

"ಗಾಬರಿ ಆಗಬ್ಯಾಡ್ರಿ ಮೇಷ್ಟ್ರೇ, ಅವನಿಗೆ ಉಬ್ಬಸ ಐತೆ," ಎನ್ನುತ್ತ ಅವನ ತಾಯಿ ಒಳಗಿನಿಂದ ಓಡಿ ಬಂದಳು. ಕೈತುಂಬ ಹಿಟ್ಟು. ಆಕೆಯೂ ಸೊಸೆಯೂ ಸೇರಿ ಅವನನ್ನು ಒಳಮನೆಗೆ ಒಯ್ದು ಕೂಡಿಸಿದರು. ಗಾಳಿ ತಾಗಬಾರದೆಂದು ಬೆಳಕಿಂಡಿಗೆ ಅರಿವೆ ತುರುಕಿದರು. ಮೂಲೆಯ ಅಟ್ಟಿಯಿಂದ ಹೊಚ್ಚಹೊಸ ಕಂಬಳಿ ಒಂದನ್ನು ಎಳೆದು, ಪಟಪಟ ಕೊಡವಿ, ತಲೆಯಿಂದ ಹೊದ್ದಿಸಿ ಬಿಗಿಯಾಗಿ ಸುತ್ತಿದರು. ಹಳೆಯದು ಆಗದೇ ಅಂತ ನಾನು ಕೇಳಿದ್ದಕ್ಕೆ ತಾಯಿ ನನ್ನನ್ನು ಏನೂ ತಿಳಿಯದವನನ್ನು ನೋಡುವ ಹಾಗೆ ನೋಡಿದಳು. "ಜಡ್ಡಾದೋನಿಗೆ ಹಳೇದು ಹೊದ್ದಿಸ್ತಾರೇನ್ರಿ? ಹೊಸಾ ಕಂಬಳಿ ಅಂದ್ರೆ ದೇವರ ಗದ್ದಿಗೆ ಇದ್ದಂಗೆ." ಅವರಲ್ಲಿ ಕಂಬಳಿಗೆ ಮೈಲಿಗೆ ಎಂಬುದೇ ಇಲ್ಲ. ಅದನ್ನು ನೀರಿಗೆ ಹಾಕಿ ಒಗೆಯುವುದೂ ಇಲ್ಲ.

ಸಂಜೆಯವರೆಗೆ ಆ ಕತ್ತಲ ಕೋಣೆಯೊಳಗಿನಿಂದ ಸಿಳ್ಳಿನ ಸದ್ದು ಬರುತ್ತಲೇ ಇತ್ತು. ನಾನು ಜಗಲಿಯ ಮೇಲೆ ಕೂತು ಕೇಳುತ್ತಿದ್ದೆ.

ತಾಯಿಯ ಬಗ್ಗೆ ಎರಡು ಮಾತು ಹೇಳಬೇಕು. ಚಿಕ್ಕ ಆಳು, ಬಾಯಿ ಜೋರು, ಕರುಳು ದೊಡ್ಡದು. ನನಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಡದೆ ಆ ಮನೆಯಿಂದ ಎದ್ದು ಬರಲು ಬಿಟ್ಟವಳಲ್ಲ. ಸುತ್ತ ಹತ್ತು ಊರಲ್ಲಿ ಆಕೆಗೆ ಹೆಸರು ಬಂದದ್ದು ಗಂಜಿಯಿಂದ. ಕಂಬಳಿಯ ಉಣ್ಣೆನೂಲು ಬೋಳು ಬೋಳಾಗಿ ಮಗ್ಗಕ್ಕೆ ಏರಿದರೆ ಉಜ್ಜಿ ಹರಿದುಹೋಗುತ್ತದೆ. ಅದಕ್ಕೇ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಆ ಹಿಟ್ಟನ್ನು ನೀರಲ್ಲಿ ಕುದಿಸಿ ಗಂಜಿ ಮಾಡುತ್ತಾರೆ. ಹಾಸುನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಕುಂಚದಿಂದ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ನೇಯ್ದು ಮುಗಿದ ಮೇಲೂ ಕಂಬಳಿಗೆ ಇನ್ನೊಂದು ಕೈ ಗಂಜಿ. ಆಗ ಅದು ಸೆಟೆದು ನಿಲ್ಲುತ್ತದೆ, ಸಾಹುಕಾರನ ಕಣ್ಣಿಗೆ ಒಪ್ಪುತ್ತದೆ. ಆಕೆಯ ಹಿಟ್ಟು ವಿಭೂತಿಯಷ್ಟು ನುಣ್ಣಗಿರುತ್ತಿತ್ತು. ಹೊರಗೆ ಕುಟ್ಟಿದರೆ ಗಾಳಿಗೆ ಹಾರುತ್ತದೆಂದು ಮೊದಲಿಂದಲೂ ಮನೆಯೊಳಗೇ ಕುಟ್ಟುವುದು. ಮಗನ ಉಬ್ಬಸ ಜಾಸ್ತಿಯಾದ ಮೇಲಂತೂ ಒರಳನ್ನು ಅವನು ಮಲಗುವ ಒಳಮನೆಗೇ ತರಿಸಿಕೊಂಡಿದ್ದಳು. "ಅವನ ಉಸಿರಿನ ಸದ್ದು ಕೇಳ್ತಾ ಇರ್ಬೇಕು ಮೇಷ್ಟ್ರೇ. ದೂರ ಕೂತ್ರೆ ನನ್ನ ಜೀವ ತಡಿಯಲ್ಲ."

ಮಾರನೆಯ ವಾರ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಜಗಳೂರಿನ ಆಸ್ಪತ್ರೆಗೆ ಹೋದೆ. ಡಾಕ್ಟರು ತೋಳಿಗೆ ಸೂಜಿ ಚುಚ್ಚಿದರು. ನಾವು ನೋಡನೋಡುತ್ತಿದ್ದಂತೆ ಸಿಳ್ಳು ಇಳಿಯಿತು, ಮುಖಕ್ಕೆ ಬಣ್ಣ ಬಂತು. ಆಮೇಲೆ ಎಫೆಡ್ರಿನ್ ಮಾತ್ರೆ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದರು.

"ಸೂಜಿ ಮದ್ದಿನಿಂದ ಇವತ್ತು ಉಸಿರು ಬಂತು. ನಾಳೆ ಮತ್ತೆ ಕಟ್ಟುತ್ತೆ. ಈ ಕಾಯಿಲೆ ಬಹಳ ಸಲ ಇರೋ ಜಾಗದಲ್ಲಿರುತ್ತೆ ಕಣ್ರೀ. ಒಬ್ಬನಿಗೆ ಭತ್ತದ ಹೊಟ್ಟು ಆಗಲ್ಲ, ಒಬ್ಬನಿಗೆ ಕುದುರೆ ಲಾಯ ಆಗಲ್ಲ, ಇನ್ನೊಬ್ಬನಿಗೆ ಒಲೆ ಹೊಗೆ ಆಗಲ್ಲ. ಇವನ ಮನೇಲಿ ಏನು ಆಗಲ್ಲ ಅಂತ ಇಲ್ಲಿ ಕೂತು ನಾನು ಹೇಳೋದು ಹೆಂಗೆ? ಸ್ವಲ್ಪ ದಿನ ಜಾಗ ಬದಲಾಯಿಸಿ ನೋಡಿ. ಬೆಚ್ಚಗಿನ ಒಣ ಜಾಗ ಆದರೆ ಒಳ್ಳೇದು."

ಒಣ ಜಾಗ ಎಲ್ಲಿಂದ ತರೋಣ? ಜಗಳೂರಿಗಿಂತ ಒಣ ಜಾಗ ಬೇಕೆಂದರೆ ಮರಳುಗಾಡಿಗೇ ಹೋಗಬೇಕು. ಇದ್ದ ಒಂದೇ ದಾರಿ ಹೆಂಡತಿಯ ತವರು. ಅದು ಚನ್ನಗಿರಿ ಕಡೆ, ಕೆರೆಬಿಳಚಿಯ ಹತ್ತಿರ, ಸೂಳೆಕೆರೆಯ ದಂಡೆಗೇ ಅಂಟಿಕೊಂಡ ಹಳ್ಳಿ. ಕಾಲಿಟ್ಟಲ್ಲೆಲ್ಲ ನೀರು, ಗದ್ದೆ, ಮಂಜು. ಉಬ್ಬಸದವನನ್ನು ಶೀತದ ಊರಿಗೆ ಕಳಿಸುವುದು ಎಂದರೆ ಹೆಣ ತರಲು ಗಾಡಿ ಹೂಡಿದಂತೆ ಎಂದು ಊರವರೆಲ್ಲ ಬೈದರು. ನನಗೂ ಒಳಗೊಳಗೇ ಪುಕುಪುಕು. ಆದರೂ ಕಳಿಸಿದೆವು, ಹೆಂಡತಿಯ ಜೊತೆ ಮಾಡಿ.

ಸಾಹುಕಾರರಿಂದ ಮಾಲಿಗೆ ತಗಾದೆ ಬಂದಾಗ ಅವನನ್ನು ಕರೆತರಲು ನಾನೇ ಹೋದೆ. ಹಾಸಿಗೆ ಹಿಡಿದಿರುತ್ತಾನೆ ಅಂದುಕೊಂಡೇ ಹೋದದ್ದು. ಕೆರೆ ಏರಿಯ ಮೇಲೆ ಎದುರಿಗೆ ಒಬ್ಬ ತಲೆಯ ಮೇಲೆ ಹಸಿಹುಲ್ಲಿನ ದೊಡ್ಡ ಹೊರೆ ಹೊತ್ತು, ಹಾಡು ಗುನುಗುತ್ತ ಬರುತ್ತಿದ್ದ. ಹತ್ತಿರ ಬಂದವನು ಹೊರೆಯ ಕೆಳಗಿನಿಂದ, "ಆರಾಮೇನ್ರಿ ಮೇಷ್ಟ್ರೇ?" ಎಂದ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಇವನೇ! ಹೊರೆ ಹೊತ್ತು ಏರಿ ಹತ್ತಿ, ಅದರ ಮೇಲೆ ಹಾಡು ಬೇರೆ! ಮೀನಿನ ಬುಟ್ಟಿ ಇಡುವ ತೇವದ ಪಡಸಾಲೆಯಲ್ಲಿ ಬರಿ ಚಾಪೆಯ ಮೇಲೆ ಮಲಗುತ್ತಾನಂತೆ. ಬಂದಾಗಿನಿಂದ ಒಂದು ಸಲವೂ ಸಿಳ್ಳು ಬಂದಿಲ್ಲವಂತೆ. ಮಾತ್ರೆಯ ಪೊಟ್ಟಣ ಬಿಚ್ಚಿರಲೇ ಇಲ್ಲ.

ಖುಷಿಯಲ್ಲಿ ಅವನನ್ನೂ ಹೆಂಡತಿಯನ್ನೂ ಕರೆದುಕೊಂಡು ಊರಿಗೆ ಬಂದೆ. ತಾಯಿ ಬಾಗಿಲಲ್ಲೇ ದೃಷ್ಟಿ ತೆಗೆದು, ಹೊಸ ಕಂಬಳಿ ಹಾಸಿ ಕೂಡಿಸಿ, ಇನ್ನೊಂದನ್ನು ಹೆಗಲಿಗೆ ಹೊದ್ದಿಸಿದಳು. ಅವತ್ತೇ ಸಂಜೆಯೊಳಗೆ ಅವನಿಗೆ ಉಸಿರು ಕಟ್ಟಿತು. ಮೊದಲಿಗಿಂತ ಜೋರು.

ಅಲ್ಲಿಂದ ಶುರುವಾಯಿತು ನೋಡಿ ಗುಸುಗುಸು. ಬಾವಿಕಟ್ಟೆಯಲ್ಲಿ, ಬೆಂಕಿ ಕಾಯುವ ಕಡೆ, ನನ್ನ ಮಗ್ಗದ ಬುಡದಲ್ಲೂ ಅದೇ ಮಾತು. ಹೆಂಡತಿಯ ಊರಲ್ಲಿ ಆರಾಮ, ತಾಯಿಯ ಮನೆಯಲ್ಲಿ ಉಬ್ಬಸ, ಇನ್ನೇನು ಬೇಕು? ಹೆಂಡತಿಯೇ ಕೈಮದ್ದು ಹಾಕಿದ್ದಾಳೆ! ಕೈಮದ್ದು ಎಂದರೆ ಊಟದಲ್ಲಿ ಬೆರೆಸಿ ಹಾಕುವ ಮಾಟದ ವಸ್ತು. ಹೊಟ್ಟೆಯಲ್ಲಿ ಅಂಟಿಕೊಂಡು ಕೂತು ಆಳನ್ನು ಸೊರಗಿಸುತ್ತದೆ ಎಂದು ಆ ಕಡೆಯವರ ನಂಬಿಕೆ. ಗಂಡನನ್ನು ತವರಿನಲ್ಲಿ ಮನೆಯಳಿಯನಾಗಿ ಇಟ್ಟುಕೊಳ್ಳಲು ಅವಳೇ ಇಲ್ಲಿ ಮದ್ದನ್ನು ಬಿಗಿ ಮಾಡುತ್ತಾಳೆ, ಅಲ್ಲಿ ಸಡಿಲ ಬಿಡುತ್ತಾಳೆ ಎಂದು ಊರವರು ತೀರ್ಮಾನಿಸಿಬಿಟ್ಟರು.

ನಾನು ಬೆಚ್ಚಿಬಿದ್ದೆ. ಡಾಕ್ಟರು ಹೇಳಿದ್ದಕ್ಕೆ ಸಾಕ್ಷಿ ಸಿಕ್ಕಿತು ಅಂತ ನಾನು ಕುಣಿಯುತ್ತ ಬಂದಿದ್ದೆ. ಅದೇ ಸಾಕ್ಷಿಯನ್ನು ಇವರು ಎತ್ತಿ ಆ ಹೆಣ್ಣಿನ ಕುತ್ತಿಗೆಗೆ ಕಟ್ಟಿದ್ದರು. ಅವನನ್ನು ಅಲ್ಲಿಗೆ ಕಳಿಸದೆ ಇದ್ದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ.

ಬೇರೆ ಊರಿಂದ ಮದ್ದು ತೆಗೆಯುವವನನ್ನು ಕರೆಸಿದರು. ಅವನು ಯಾವುದೋ ಸೊಪ್ಪಿನ ರಸ ಕುಡಿಸಿದ. ನೇಕಾರ ಕರುಳೇ ಬಾಯಿಗೆ ಬರುವ ಹಾಗೆ ವಾಂತಿ ಮಾಡಿದ. ಒಂದು ಕಡೆ ವಾಂತಿ, ಒಂದು ಕಡೆ ಉಬ್ಬಸ, ಕಣ್ಣುಗುಡ್ಡೆ ಮೇಲಾಯಿತು. ಮದ್ದು ತೆಗೆಯುವವನು ವಾಂತಿ ಹಿಡಿದ ತಟ್ಟೆಯಲ್ಲಿ ಕಡ್ಡಿಯಾಡಿಸಿ ಕಪ್ಪಗಿನ ಒಂದು ಉಂಡೆ ಎತ್ತಿ ಎಲ್ಲರಿಗೂ ತೋರಿಸಿದ. "ನೋಡ್ರಪ್ಪಾ, ಕೂದಲಿನ ಮದ್ದು!" ಹೆಂಗಸರು ಹೋ ಎಂದರು. ನನಗೆ ತಡೆಯಲಾಗಲಿಲ್ಲ. ಆ ಕಡ್ಡಿ ಕಸಿದು, ಉಂಡೆಯನ್ನು ನೀರಲ್ಲಿ ಅದ್ದಿ ಬಿಡಿಸಿದೆ.

"ಇದು ಕುರಿ ಉಣ್ಣೆ ಕಣ್ರಯ್ಯಾ! ಹಗಲೆಲ್ಲ ಕಂಬಳಿ ನೇಯೋನ ಹೊಟ್ಟೇಲಿ ಉಣ್ಣೆ ಇರದೆ ರೇಷ್ಮೆ ಇರ್ತದೇನು?"

ಒಬ್ಬ ಮುದುಕ ಶಾಂತವಾಗಿ ಹೇಳಿದ: "ನಿಮಗೆ ತಿಳಿಯಲ್ಲ ಮೇಷ್ಟ್ರೇ. ಮದ್ದು ಹೊಟ್ಟೆಯಾಗೆ ಉಣ್ಣೆ ಆಗ್ತೈತೆ."

ಇದಕ್ಕೆ ಯಾವ ದೇವರು ತಾನೆ ಉತ್ತರ ಕೊಟ್ಟಾನು? ನಾನು ಕಡ್ಡಿ ಎಸೆದು ಎದ್ದುಬಂದೆ.

ಅಮಾವಾಸ್ಯೆ ಕಳೆದ ಮೇಲೆ ದೈವ ಸೇರುವುದೆಂದು ಗೊತ್ತಾಯಿತು. ದೈವ ಎಂದರೆ ಊರ ಹಿರಿಯರು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಸಭೆ. ಹೆಂಡತಿಯ ಅಪ್ಪ, ಅಣ್ಣಂದಿರಿಗೆ ಹೇಳಿಕಳಿಸಿದ್ದರು. ಸೋಡಚೀಟಿ ಕೊಟ್ಟು, ಸಂಬಂಧ ಹರಿದು, ಮದ್ದು ಹಾಕಿದವಳೆಂಬ ಹೆಸರಿನೊಂದಿಗೆ ಅವಳನ್ನು ಅಟ್ಟುವುದು. ಅದು ಮಾತಾಡಿ ಮುಗಿದ ಹಾಗೇ ಇತ್ತು. ಆ ಹೆಸರು ಒಮ್ಮೆ ಅಂಟಿದ ಹೆಣ್ಣಿನ ಕೈನೀರನ್ನು ತವರಿನಲ್ಲೂ ಯಾರೂ ಮುಟ್ಟುವುದಿಲ್ಲ.

ಅವಳು ಮಾತ್ರ ಮೊದಲಿನ ಹಾಗೇ ರಾಟೆಯ ಮುಂದೆ ಕೂತು ನೂಲುತ್ತಿದ್ದಳು. ಅವಳು ಮಾಡಿದ ಅಡಿಗೆಯನ್ನು ಗಂಡನಿಗೆ ಬಡಿಸುವುದನ್ನು ಅತ್ತೆ ನಿಲ್ಲಿಸಿದ್ದಳು. ಒಂದು ಮಧ್ಯಾಹ್ನ ನಾನು ನೂಲಿನ ಉಂಡೆ ಎಣಿಸಿಕೊಳ್ಳುವಾಗ, ಸೆರಗು ತಲೆಗೆಳೆದುಕೊಂಡು ಗೋಡೆಗೆ ಹೇಳುವವಳಂತೆ ಹೇಳಿದಳು: "ನಾನು ಯಾವ ಮದ್ದೂ ಕಾಣೆ ಮೇಷ್ಟ್ರೇ. ಈಗ ನನ್ನ ಕೈ ಅನ್ನ ಬಿಟ್ಟು ಅತ್ತೆ ಕೈ ಅನ್ನ ಉಣ್ತಾರೆ. ಉಬ್ಬಸ ನಿಂತೈತಾ? ಅದನ್ನ ಒಬ್ರಾದ್ರೂ ಕೇಳ್ಬೇಕಲ್ಲ."

ಹೌದಲ್ಲ! ನನ್ನ ಕೆನ್ನೆಗೆ ಹೊಡೆದ ಹಾಗಾಯಿತು. ಕಟ್ಟೆಯ ಮೇಲಿನ ಅಷ್ಟೂ ಮೀಸೆಗಳಿಗೆ, ನನ್ನನ್ನೂ ಸೇರಿಸಿ, ಇದು ಹೊಳೆದಿರಲಿಲ್ಲ. ನೆಟ್ಟಗೆ ಗೌಡರ ಮನೆಗೆ ಹೋದೆ. ಊರ ಗೌಡರು ಕೆಟ್ಟವರಲ್ಲ, ನಿಧಾನಿ. ನಾನು ಹೇಳಿದೆ: "ಗೌಡ್ರೇ, ಅವನ ಊರೂ ಬ್ಯಾಡ, ಅವಳ ಊರೂ ಬ್ಯಾಡ. ಗಂಡಹೆಂಡ್ತಿ ಇಬ್ಬರನ್ನೂ ಹೊನ್ನಾಳಿಗೆ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಅವಳೇ ಅಡಿಗೆ ಮಾಡಿ ಬಡಿಸಲಿ. ಮದ್ದು ಅವಳ ಕೈಯಲ್ಲಿದ್ದರೆ ಅಲ್ಲೂ ಉಬ್ಬಸ ಬರಬೇಕು. ನೋಡೇ ಬಿಡೋಣ."

"ಅಲ್ಲಿ ಅವನು ಸತ್ತರೆ?"

"ನನ್ನ ತಲೆ ಮೇಲೆ."

ಹೇಳಿದ್ದೇನೋ ಹೇಳಿಬಿಟ್ಟೆ. ಹೊರಗೆ ಬಂದ ಮೇಲೆ ಹೆದರಿಕೆ ಹತ್ತಿತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ದಾವಣಗೆರೆಗೆ ಬಂದು, ಅಲ್ಲಿಂದ ಇದ್ದಲು ಬಸ್ಸು ಹತ್ತಿದೆವು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಲು ಉರಿಸಿ ಓಡಿಸುತ್ತಿದ್ದರು. ದಿಬ್ಬ ಬಂದರೆ ಇಳಿದು ತಳ್ಳಬೇಕು. ಹೊಗೆಗೆ ನಾವೆಲ್ಲ ಕೆಮ್ಮಿದೆವು, ಅವನೂ ಕೆಮ್ಮಿದ. ಸಿಳ್ಳು ಬರಲಿಲ್ಲ. ಅವನೂ ಇಳಿದು ಬಸ್ಸು ತಳ್ಳಿದ.

ಹೊನ್ನಾಳಿಯಲ್ಲಿ ನನ್ನ ಮನೆ ಹೊಳೆಗೆ ಹತ್ತಿರ. ಹಿತ್ತಲ ಕೊಟ್ಟಿಗೆಯ ಒಂದು ಪಾಲು ಖಾಲಿ ಮಾಡಿಸಿ ಅವರಿಗೆ ಕೊಟ್ಟೆ. ಆಮೇಲೆ ಒಂದೊಂದನ್ನೇ ಅವನ ಮೇಲೆ ಬಿಟ್ಟು ನೋಡುತ್ತ ಹೋದೆ. ಮೊದಲು ಹೆಂಡತಿಯ ಅಡಿಗೆ. ಹೊಟ್ಟೆ ತುಂಬ ಉಂಡ, ನಿದ್ದೆ ಮಾಡಿದ. ಆಮೇಲೆ ಉಣ್ಣೆ. ಕತ್ತರಿಸಿ ತಂದ ಹಸಿ ಉಣ್ಣೆಯ ಮೂಟೆ ತರಿಸಿ, ಬಿಲ್ಲು ಕೊಟ್ಟು ಹಿಂಜಲು ಕೂಡಿಸಿದೆ. ಮೂಗು, ಹುಬ್ಬು, ಮೀಸೆಯೆಲ್ಲ ಉಣ್ಣೆಯ ಎಳೆ. ಉಸಿರು ಮಾತ್ರ ನಿರಾಳ. ಹಳೆಯ ಕಂಬಳಿ ಹೊದ್ದ, ಏನೂ ಆಗಲಿಲ್ಲ. ಹೊಳೆಯ ತಣ್ಣನೆ ಗಾಳಿಗೆ ಮೈ ಒಡ್ಡಿ ಕೂತ, ಏನೂ ಇಲ್ಲ. ಸಾಲದ್ದಕ್ಕೆ ಅವನೇ ಒಂದು ಮಾತು ಹೇಳಿದ: ಎಲ್ಲರಿಗೂ ಮಳೆಗಾಲದಲ್ಲಿ ಉಬ್ಬಸ ಕೆರಳಿದರೆ ತನಗೆ ಮಳೆಗಾಲದಲ್ಲೇ ಸುಖವಂತೆ. ಬೇಸಿಗೆಯಲ್ಲಿ, ಮಗ್ಗ ಜೋರಾಗಿ ನಡೆಯುವಾಗಲೇ ಸಂಕಟವಂತೆ.

ಮಳೆಗಾಲದಲ್ಲಿ ಏನು ಇರುವುದಿಲ್ಲ? ನಾನು ನೇಯ್ಗೆಯವನು, ಇಷ್ಟು ಹೊತ್ತಿಗೆ ನನಗೆ ತಿಳಿಯಬೇಕಿತ್ತು. ಮಳೆಗಾಲದಲ್ಲಿ ಬಿಸಿಲಿಲ್ಲ, ಬಿಸಿಲಿಲ್ಲದೆ ಹಾಸುನೂಲಿಗೆ ಗಂಜಿ ಬಳಿಯುವುದಿಲ್ಲ, ಗಂಜಿ ಇಲ್ಲದ ಮೇಲೆ ಹುಣಸೆಬೀಜ ಕುಟ್ಟುವುದಿಲ್ಲ.

"ನಾಳೆ ಒಂದು ಸೇರು ಹುಣಸೆಬೀಜ ತರಿಸ್ತೀನಿ. ಇಲ್ಲೇ ಗಂಜಿ ಮಾಡಿ ನೋಡೋಣ," ಎಂದೆ.

ಅವನ ಮುಖ ಕಪ್ಪಿಟ್ಟಿತು. "ಗಂಜಿ ಮಾತು ಬ್ಯಾಡ ಮೇಷ್ಟ್ರೇ."

"ಯಾಕೋ?"

"ಬ್ಯಾಡ ಅಂದ್ರೆ ಬ್ಯಾಡ ಬಿಡ್ರಿ," ಎಂದು ಬಿಲ್ಲು ಕೆಳಗಿಟ್ಟು ಹೊಳೆಯ ಕಡೆ ಹೋಗಿಬಿಟ್ಟ. ಇವನಿಗೇನು ಬಂತಪ್ಪಾ ಅಂತ ನನಗೆ ಸಿಟ್ಟೇ ಬಂತು. ಬೀಜ ತರಿಸಲು ನಾನೂ ಹಿಂದೆಮುಂದೆ ನೋಡಿದೆ. ಉಸಿರು ಕಟ್ಟಿ ಆಳು ಹೋದರೆ? ನನ್ನ ತಲೆ ಮೇಲೆ ಎಂದವನು ನಾನೇ ತಾನೆ?

ಬೀಜ ತರಿಸುವ ಕೆಲಸವೇ ಬೀಳಲಿಲ್ಲ. ನ್ಯಾಮತಿಯ ಸಂತೆಗೆ ಬಂದ ಗೌಡರು ತಾಯಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಬೆಳಗಿನ ಹೊತ್ತು. ಸೊಸೆ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಮಗ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಕೊಡಲಿಯ ಸದ್ದು ಕೇಳಿ ತಾಯಿ ಹಿತ್ತಲಿಗೆ ಹೋದವಳು ಅವನನ್ನು ನೋಡಿ ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ಕಣ್ಣಲ್ಲಿ ನೀರು. "ಯಪ್ಪಾ, ನನ್ನ ಮಗ ಸೌದೆ ಒಡಿತಾನೆ. ಎಷ್ಟು ವರ್ಷ ಆಗಿತ್ತು ಇದನ್ನ ನೋಡಿ," ಎಂದಳು. ಅವನನ್ನು ಒಳಗೆ ಕರೆತಂದು ಪಡಸಾಲೆಯಲ್ಲಿ ಕೂಡಿಸಿ, ತಾನು ತಂದಿದ್ದ ಗಂಟು ಬಿಚ್ಚಿದಳು. ಒಳಗೆ ಒಂದು ಕರಿ ಕಂಬಳಿ. ತಾನೇ ನೂತು, ತಾನೇ ಕುಟ್ಟಿದ ಹಿಟ್ಟಿನ ಗಂಜಿ ಎರಡು ಕೈ ಜಾಸ್ತಿಯೇ ಬಳಿದು, ಮಗನಿಗೆಂದೇ ಮಾಡಿಸಿದ್ದು. ಗರಿಗರಿ ಸದ್ದು ಮಾಡುವ ಹಾಗಿತ್ತು. ಎದ್ದು ನಿಂತು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕೊಡವಿದಳು. ಬೆಳಕಿಂಡಿಯ ಬಿಸಿಲಿನಲ್ಲಿ ಧೂಳು ಎದ್ದದ್ದು ನನಗೆ ಕಂಡಿತು. ಬಾಯಿ ತೆರೆದೆ, ಮಾತು ಹೊರಡುವಷ್ಟರಲ್ಲಿ ಅವಳು ಅದನ್ನು ಅವನ ತಲೆಯಿಂದ ಹೊದ್ದಿಸಿ ಎದೆಗೆ ಬಿಗಿಯಾಗಿ ಸುತ್ತಿ ಆಗಿತ್ತು.

ಗೌಡರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ಎಲೆ ಮಡಚಿ ಬಾಯಿಗಿಡುವ ಮುಂಚೆಯೇ ಸಿಳ್ಳು ಶುರುವಾಯಿತು. ಅವನ ಕಣ್ಣು ನನ್ನನ್ನು ನೋಡಿತು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಅದರಲ್ಲಿ ಆಶ್ಚರ್ಯ ಎಂಬುದೇ ಇರಲಿಲ್ಲ.

"ನೋಡ್ರಿ ಗೌಡ್ರೇ! ನೋಡ್ರಿ! ಇಲ್ಲೂ ಬಿಡಲಿಲ್ಲ ಆ ಹಾದರಗಿತ್ತಿ," ಎಂದು ತಾಯಿ ಎದೆ ಬಡಿದುಕೊಂಡಳು. "ಬೆಳಿಗ್ಗೆ ಏನು ತಿನಿಸಿದ್ಲು ಇವನಿಗೆ?"

ನನ್ನ ಹೆಂಡತಿ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಳು. ಅವಳ ಬಾಯಿ ನನಗಿಂತ ಜೋರು. "ಬೆಳಿಗ್ಗೆ ರೊಟ್ಟಿ ತಟ್ಟಿ ಹಾಕಿದೋಳು ನಾನು ಕಣಮ್ಮಾ! ನಿಮ್ಮ ಸೊಸೆ ಎದ್ದ ತಕ್ಷಣ ಹೊಳೆಗೆ ಹೋಗ್ಯಾಳೆ. ನಾನೂ ಮದ್ದು ಹಾಕಿದ್ನೇನು?"

ನಾನು ಕಂಬಳಿ ಕಿತ್ತು ಹಿತ್ತಲಿಗೆ ಎಸೆದೆ. ಮಾತ್ರೆ ನುಂಗಿಸಿ, ಗೌಡರೂ ನಾನೂ ಎರಡು ಕಡೆ ತೋಳು ಕೊಟ್ಟು ಅವನನ್ನು ಹೊಳೆಯ ದಡಕ್ಕೆ ಒಯ್ದು ಗಾಳಿಗೆ ಕೂಡಿಸಿದೆವು. ತಾಯಿ ಬೆನ್ನು ತಿಕ್ಕಲು ಬಂದಳು. ಅವನು ಕೈ ಅಡ್ಡ ಹಿಡಿದ. ಉಸಿರಿನ ನಡುವೆ ಒಂದೊಂದೇ ಮಾತು ಹೊರಗೆ ಹಾಕಿದ: "ಅವ್ವಾ... ದೂರ... ನಿಂತ್ಕೋ. ನಿನ್ನ ಕೈಯಾಗೆ... ಐತೆ."

ಅವಳು ತನ್ನ ಕೈ ನೋಡಿಕೊಂಡಳು. ಏನೂ ತಿಳಿಯದೆ ನನ್ನ ಮುಖ ನೋಡಿದಳು.

ಉಸಿರು ಹದಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಆಗ ಅವನ ಪಕ್ಕ ಕೂತು ಕೇಳಿದೆ: "ನಿನಗೆ ಗೊತ್ತಿತ್ತೇನೋ?"

"ಗೊತ್ತಿತ್ತು ಮೇಷ್ಟ್ರೇ."

"ಯಾವಾಗಿನಿಂದ?"

"ಭಾಳ ದಿನ ಆತು. ಅವ್ವ ಒನಕೆ ಎತ್ತಿದ್ರೆ ಎದೆ ಕಟ್ಟಾಕೆ ಶುರು ಆಗ್ತಿತ್ತು. ಹೆಂಗೆ ಹೇಳ್ಲಿ? ಅಪ್ಪ ಸತ್ತ ಮ್ಯಾಲೆ ಆ ಗಂಜಿ ಮಾರಿನೇ ನನ್ನ ಸಾಕ್ಯಾಳೆ. ನನ್ನ ಸಲುವಾಗೇ ಒರಳು ಮಗ್ಗಲಾಗೆ ತಂದು ಇಟ್ಕೊಂಡ್ಲು. ನಿನ್ನ ಕೈಯಿಂದನೇ ನನಗೆ ಉಸ್ರು ಕಟ್ತೈತೆ ಅಂತ ಹಡೆದೋಳಿಗೆ ಹೇಳಾಕೆ ಆಗ್ತೈತೇನ್ರಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ಹಂಗಂತ ಕಟ್ಟಿಕೊಂಡೋಳ ಮೇಲೆ ಮದ್ದಿನ ಹೆಸರು ಹೊರಿಸಿದಾಗ್ಲೂ ಬಾಯಿ ಮುಚ್ಕೊಂಡು ಕೂತಿದ್ಯಲ್ಲೋ! ನಾಳೆ ಅವಳನ್ನ ಸೀರೆ ಹಿಡಿದು ಅಟ್ಟೋರಿದ್ರಲ್ಲೋ! ನೀನೂ ಒಬ್ಬ ಗಂಡಸೇನೋ?"

ಅವನು ತಲೆ ಬಗ್ಗಿಸಿದ. ನಾನು ಹೊಡೆದೇ ಬಿಡುತ್ತಿದ್ದೆನೋ ಏನೋ. ಗೌಡರು ನನ್ನ ತೋಳು ಮುಟ್ಟಿ ಹಿಂದಕ್ಕೆ ಕಣ್ಣು ತೋರಿಸಿದರು. ಸ್ವಲ್ಪ ದೂರದಲ್ಲಿ ತಾಯಿ ನಿಂತಿದ್ದಳು. ಅವಳಿಗೆ ಅಷ್ಟೂ ಕೇಳಿಸಿತ್ತು. ಅವಳ ಹಿಂದೆ, ಒಗೆದ ಬಟ್ಟೆಯ ಗಂಟು ಸೊಂಟಕ್ಕಿಟ್ಟುಕೊಂಡು ಸೊಸೆ.

ತಾಯಿ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವತ್ತು ಸಂಜೆಯವರೆಗೆ ಆಕೆ ಆ ಕೈ ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ. ನನ್ನ ಹೆಂಡತಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಗೌಡರ ಜೊತೆ ಊರಿಗೆ ಹೊರಡುವಾಗ ಮಾತ್ರ ಒಂದು ಮಾತು ಕೇಳಿದಳು: "ಮೇಷ್ಟ್ರೇ, ಅಷ್ಟು ವರ್ಷ ಕುಟ್ಟಿದೆನಲ್ಲ, ನನಗೆ ಯಾಕೆ ಏನೂ ಆಗಲಿಲ್ಲ?" ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನೇ ಹೇಳಿದೆ. "ನನಗೇ ಆಗಬಾರದಿತ್ತಾ ಶಿವನೇ," ಎಂದು ಗಾಡಿ ಹತ್ತಿದಳು.

ದೈವ ಸೇರುವ ದಿನಕ್ಕೆ ನಾವು ಮೂವರೂ ಊರಿಗೆ ಹೋದೆವು. ಕಟ್ಟೆಯ ಮೇಲೆ ಹಿರಿಯರು. ಒಂದು ಪಕ್ಕದಲ್ಲಿ ಸೂಳೆಕೆರೆಯ ಕಡೆಯಿಂದ ಬಂದ ಹೆಣ್ಣಿನ ಅಪ್ಪ, ಅಣ್ಣಂದಿರು; ಅವರ ಗಾಡಿ ಆಚೆ ನಿಂತಿತ್ತು. ನೇಕಾರನನ್ನು ನಾನು ಗಾಳಿ ಬರುವ ದಿಕ್ಕಿಗೆ, ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಗೌಡರು ಹೊನ್ನಾಳಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳಿದರು. ಯಾರೂ ನಂಬಲಿಲ್ಲ. "ಹುಣಸೆಬೀಜ ಎಲ್ಲರ ಮನೆಯಾಗೂ ಕುಟ್ತಾರೆ, ಎಲ್ಲರೂ ಸತ್ತಾರೇನ್ರಿ ಗೌಡ್ರೇ?" "ಮೇಷ್ಟ್ರು ನಿಮ್ಮ ತಲೆ ಕೆಡಿಸ್ಯಾರೆ." ಮದ್ದು ತೆಗೆದದ್ದನ್ನು ಕಣ್ಣಾರೆ ಕಂಡವರಿದ್ದಾರೆ, ಇನ್ನೇನು ಬೇಕು? ಹಿರಿಯರೊಬ್ಬರು ತೀರ್ಪಿನ ಮಾತು ಶುರು ಮಾಡಿಯೇಬಿಟ್ಟರು: ಮದ್ದು ಹಾಕಿದವಳು ಈ ಊರಲ್ಲಿ ಇರಕೂಡದು, ಇವತ್ತೇ ಮನೆ ಬಿಡಬೇಕು.

ಹೆಂಗಸರು ದೈವದ ಮುಂದೆ ಬಾಯಿ ತೆರೆಯುವ ರೂಢಿ ಇಲ್ಲ. ಅಂಥದ್ದರಲ್ಲಿ ನೇಕಾರನ ತಾಯಿ ತನ್ನ ಮನೆಯ ಕಡೆಯಿಂದ ಬಂದಳು. ಕೈಯಲ್ಲಿ ಮೊರ, ಮೊರದ ತುಂಬ ಹುಣಸೆಬೀಜದ ಹಿಟ್ಟು. ಮಗ ನಿಂತ ಕಡೆ ಒಮ್ಮೆ ನೋಡಿ, ಗಾಳಿ ಯಾವ ಕಡೆ ಹೋಗುತ್ತದೆಂದು ನೋಡಿ, ಸುತ್ತು ಹಾಕಿಕೊಂಡು ಆಚೆ ಬದಿಯಿಂದ ಕಟ್ಟೆಗೆ ಬಂದಳು. ಮೊರವನ್ನು ಹಿರಿಯರ ಮುಂದೆ ಇಟ್ಟಳು.

"ಮದ್ದು ಹಾಕಿದ್ದು ಖರೆ," ಎಂದಳು. "ಇದೇ ಆ ಮದ್ದು. ಹಾಕಿದೋಳು ನಾನು."

ಹಿರಿಯರು ಬಗ್ಗಿ ಮೊರದೊಳಗೆ ನೋಡಿದರು.

"ಹುಡುಗಿ ಮ್ಯಾಲೆ ಹೊರಿಸಿದೋಳೂ ನಾನೇ. ಮದ್ದು ಹಾಕಿದೋಳು ಮನೆ ಬಿಡಬೇಕು ಅಂತ ಈಗ ನೀವೇ ಅಂದ್ರಿ. ನಾ ಬಿಡ್ತೀನಿ. ಅವಳನ್ನ ಕಳಿಸಬ್ಯಾಡ್ರಿ."

ಮುದುಕಿಗೆ ತಲೆ ಕೆಟ್ಟಿದೆ ಎಂದು ಯಾರೋ ಗೊಣಗಿದರು. ಗೌಡರು ಎದ್ದು, "ಆಕೆ ಹೇಳಿದ್ದು ನಾನು ಕಣ್ಣಲ್ಲಿ ಕಂಡಿದ್ದು. ದೈವ ಮುಗೀತು, ಏಳ್ರಪ್ಪಾ," ಎಂದು ಹೆಗಲ ಮೇಲೆ ವಲ್ಲಿ ಹಾಕಿಕೊಂಡರು. ತೀರ್ಪು ಅಂತ ಒಂದೂ ಆಗಲಿಲ್ಲ. ಜನ ಮುಖ ಮುಖ ನೋಡಿಕೊಂಡು ಚದುರಿದರು. ನಾನು ಬೇವಿನ ಮರದ ಬುಡಕ್ಕೆ ಹೋದೆ. ನೇಕಾರ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಳುವಾಗಲೂ ಅವನ ಉಸಿರು ಸಲೀಸಾಗಿತ್ತು.

ಗಂಡಹೆಂಡತಿ ಸೂಳೆಕೆರೆಯ ಕಡೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅವನು ಮಗ್ಗ ಬಿಡಬೇಕು, ಬೇರೆ ದಾರಿಯಿಲ್ಲ. ತಾಯಿ ಮಾತ್ರ ಕೈಯನ್ನು ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡು ಮೊರದ ಪಕ್ಕ ಹಾಗೇ ನಿಂತಿದ್ದಳು. ಎಲ್ಲಿಗೆ ಹೋಗಬೇಕೆಂದು ಅವಳಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಸೊಸೆ ಗಾಡಿಯಿಂದ ತಂಬಿಗೆ ತಂದಳು. ಹತ್ತಿರ ಬಂದು, ಮೊರವನ್ನು ಕಾಲಿನಿಂದ ಅತ್ತ ಸರಿಸಿ, ತಂಬಿಗೆ ಬಗ್ಗಿಸಿ ಹಿಡಿದಳು.

"ಕೈ ತೊಳ್ಕಳ್ರಿ ಅತ್ತೆ. ಗಾಡಿ ಕಾಯ್ತೈತೆ, ಹೋಗಾನ."

ಮುದುಕಿ ಸೆರಗಿನೊಳಗಿಂದ ಕೈ ತೆಗೆದು ನೀರಿಗೆ ಒಡ್ಡಿದಳು. ತೊಳೆದಳು. ಸೊಸೆ ಬಗ್ಗಿ ಆ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು.

"ಉಗುರು ಸಂದ್ಯಾಗೆ ಇನ್ನೂ ಐತೆ. ಇನ್ನೊಂದ್ಸಲ ತೊಳ್ಕಳ್ರಿ."

ಅತ್ತೆ ಮತ್ತೆ ಕೈ ಚಾಚಿದಳು.